ನಿಮ್ಮ ಕಾರಿನ ಬೀಗದೊಳಗೆ ಒಬ್ಬ ಚಿತ್ರಕಾರ: ಲೈನಸ್ ಯೇಲ್ ಕಥೆ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ನಮ್ಮಪ್ಪ ಕಾರಿನ ಕೀ ಕಳೆದುಕೊಂಡರು. ದೂಳು, ಜನ, ದನ; ಅಷ್ಟರ ನಡುವೆ ಹುಡುಕಿದರೂ ಸಿಗಲಿಲ್ಲ. ತಮ್ಮ ದೊಡ್ಡಬಳ್ಳಾಪುರದ ಮನೆಯಿಂದ ಇನ್ನೊಂದು ಕೀಯನ್ನು ಬೈಕಿನಲ್ಲಿ ತಂದುಕೊಟ್ಟ. ಕಾರು ಮನೆ ಸೇರಿತು. ಒಂದು ಡೂಪ್ಲಿಕೇಟ್ ಮಾಡಿಸಿಕೊಂಡರೆ ಆಯಿತು ಎಂದುಕೊಂಡೆವು.

ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ನೆನಪಾಯಿತು. ಕಳೆದುಹೋದ ಕೀಗೆ ಕಟ್ಟಿದ್ದ ಬಿಲ್ಲೆಯ ಮೇಲೆ ಅಪ್ಪ ಜೋಪಾನಕ್ಕೆಂದು ಕಾರಿನ ನಂಬರ್ ಬರೆದಿದ್ದರು. ಅಂದರೆ ಕೀ ಸಿಕ್ಕವರ ಕೈಯಲ್ಲಿ ಬರೀ ಕೀ ಇಲ್ಲ, ಅದು ಯಾವ ಕಾರಿನದು ಎನ್ನುವುದೂ ಇದೆ. ಡೂಪ್ಲಿಕೇಟ್ ಮಾಡಿಸಿದರೆ ನಾವು ಒಳಗೆ ಹೋಗಬಹುದು. ಆ ಇನ್ನೊಬ್ಬರು ಒಳಗೆ ಬರುವುದನ್ನು ತಡೆಯಲಾಗದು. ನಮ್ಮದು ಕೀಯೊಳಗೆ ಚಿಪ್ ಇಲ್ಲದ ಹಳೆಯ ಕಾರು ಬೇರೆ.

ವಿಚಾರಿಸಿದ ಒಂದು ಕಡೆ, ಬಾಗಿಲು ಮತ್ತು ಇಗ್ನಿಷನ್ನಿನ ಬೀಗಗಳ ಇಡೀ ಸೆಟ್ಟನ್ನೇ ಬದಲಿಸಬೇಕು, ಬೇರೆ ದಾರಿಯಿಲ್ಲ ಎಂದರು. ಬಸ್ ನಿಲ್ದಾಣದ ಹತ್ತಿರ ಕೀ ಮಾಡುವವರೊಬ್ಬರು ಇಲ್ಲ ಎಂದರು. ಆರ್‌ಸಿ ತೋರಿಸಿ ಎಂದು ಕೇಳಿ, ನೋಡಿ, ಆಮೇಲೆ ಬಾಗಿಲಿನ ಒಳಹಲಗೆ ಬಿಚ್ಚಿ ಬೀಗದ ಸಿಲಿಂಡರನ್ನು ಹೊರತೆಗೆದರು. ಹೆಬ್ಬೆರಳಿನಷ್ಟು ದಪ್ಪದ ಉರುಳೆ. ಅದರೊಳಗಿನ ತೆಳು ಹಿತ್ತಾಳೆ ತಗಡುಗಳನ್ನು ಒಂದೊಂದಾಗಿ ತೆಗೆದು, ಕೆಲವನ್ನು ಜಾಗ ಬದಲಿಸಿ, ಕೆಲವನ್ನು ಹೊಸದು ಹಾಕಿ, ಹೊಸ ಕೀ ಕತ್ತರಿಸಿ ಕೊಟ್ಟರು. ಇಗ್ನಿಷನ್ನಿಗೂ ಹಾಗೇ ಮಾಡಿದರು. ಹಳೆಯ ಕೀ ಈಗಲೂ ಬೀಗದೊಳಗೆ ಹೋಗುತ್ತದೆ, ಆದರೆ ತಿರುಗುವುದಿಲ್ಲ.

ಬೀಗ ಅದೇ, ಕೀ ಬೇರೆ. ಇದು ಹೇಗೆ ಸಾಧ್ಯ ಎಂದು ಹುಡುಕುತ್ತ ಹೋದಾಗ ಸಿಕ್ಕ ಹೆಸರು ಲೈನಸ್ ಯೇಲ್. ಹಲವು ಬೀಗಗಳ ಮೇಲೆ ನಾವು ಕಂಪನಿಯ ಹೆಸರೆಂದು ಓದುವ ಯೇಲ್, ನಿಜಕ್ಕೂ ಒಬ್ಬ ಮನುಷ್ಯನ ಹೆಸರು.

ಬೀಗ ಕಂಡುಹಿಡಿದವರು ಯೇಲ್ ಅಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಮಾಡಿಕೊಳ್ಳೋಣ. ಬೀಗವನ್ನು ಯೇಲ್ ಕಂಡುಹಿಡಿದರು ಎಂದು ಹಲವೆಡೆ ಬರೆದಿರುತ್ತಾರೆ. ಅದು ಸರಿಯಲ್ಲ. ಸಾವಿರಾರು ವರ್ಷಗಳ ಹಿಂದೆಯೇ ಈಜಿಪ್ಟ್ ಮತ್ತು ಮೆಸೊಪೊಟೇಮಿಯದಲ್ಲಿ ಮರದ ಬೀಗಗಳಿದ್ದವು. ಬಾಗಿಲಿನ ಅಗುಳಿಯಲ್ಲಿ ತೂತುಗಳು; ಮೇಲಿನಿಂದ ಮರದ ಗೂಟಗಳು ಆ ತೂತುಗಳಿಗೆ ಬಿದ್ದು ಅಗುಳಿಯನ್ನು ಹಿಡಿದಿಡುತ್ತಿದ್ದವು. ದೊಡ್ಡ ಹಲ್ಲುಜ್ಜುವ ಬ್ರಷ್‌ನಂತೆ ಕಾಣುವ ಮರದ ಕೀಯನ್ನು ಒಳಗೆ ತೂರಿಸಿ ಎತ್ತಿದರೆ ಗೂಟಗಳು ಮೇಲೇರಿ ಅಗುಳಿ ಸರಿಯುತ್ತಿತ್ತು.

ಯೇಲ್ ಮಾಡಿದ್ದು ಬೇರೆ ಕೆಲಸ. ಮೊಳದುದ್ದದ ಆ ಉಪಾಯವನ್ನು ಜೇಬಿಗೆ ಹಿಡಿಸುವಂತೆ, ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಿಸುವಂತೆ ಮಾಡಿದರು.

ಅಪ್ಪನ ಬೀಗ, ಮಗನ ಬಣ್ಣ

ಲೈನಸ್ ಯೇಲ್ ಹುಟ್ಟಿದ್ದು 1821ರ ಏಪ್ರಿಲ್ 4ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸ್ಯಾಲಿಸ್‌ಬರಿಯಲ್ಲಿ. ಅಪ್ಪನ ಹೆಸರೂ ಲೈನಸ್ ಯೇಲ್, ಹಾಗಾಗಿ ಇವರನ್ನು ಲೈನಸ್ ಯೇಲ್ ಜೂನಿಯರ್ ಎನ್ನುತ್ತಾರೆ. ಅದೇ ರಾಜ್ಯದ ನ್ಯೂಪೋರ್ಟ್ ಎಂಬ ಹಳ್ಳಿಯಲ್ಲಿ ಅಪ್ಪನಿಗೆ ಬ್ಯಾಂಕುಗಳ ಬೀಗ ತಯಾರಿಸುವ ಅಂಗಡಿಯಿತ್ತು. ಪಿನ್ನುಗಳಿರುವ ಬೀಗವೊಂದಕ್ಕೆ ಅಪ್ಪನೇ ಪೇಟೆಂಟ್ ಪಡೆದಿದ್ದರು.

ಈ ಮನೆತನಕ್ಕೂ ನಮ್ಮ ದಕ್ಷಿಣ ಭಾರತಕ್ಕೂ ಒಂದು ಸಣ್ಣ ನಂಟಿದೆ. 1687ರಿಂದ 1692ರವರೆಗೆ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಆಗಿದ್ದ ಎಲಿಹು ಯೇಲ್ ಇದೇ ಮನೆತನದವರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಹೆಸರು ಬಂದಿರುವುದು ಅವರಿಂದಲೇ.

ಮಗನಿಗೆ ಮೊದಲು ಬೀಗದಲ್ಲಿ ಆಸಕ್ತಿ ಇರಲಿಲ್ಲ. ಅವರು ಚಿತ್ರಕಲೆ ಕಲಿತರು, ಜನರ ಮುಖಚಿತ್ರ ಬರೆಯುವ ಕೆಲಸ ಮಾಡಿದರು. 1844ರಲ್ಲಿ ಕ್ಯಾಥರೀನ್ ಬ್ರೂಕ್ಸ್ ಅವರನ್ನು ಮದುವೆಯಾದರು. ಮೂವತ್ತು ವರ್ಷದ ಆಸುಪಾಸಿನಲ್ಲಿ ಬಣ್ಣ ಬಿಟ್ಟು ಬೀಗಕ್ಕೆ ತಿರುಗಿದರು. ಆದರೆ ಕೈಗೆ ಹತ್ತಿದ್ದ ವಿದ್ಯೆ ವ್ಯರ್ಥವಾಗಲಿಲ್ಲ. ಕಣ್ಣಿಗೆ ಕಾಣದ ಯಂತ್ರದ ಒಳಭಾಗವನ್ನು ಕಾಗದದ ಮೇಲೆ ಕರಾರುವಾಕ್ಕಾಗಿ ಬರೆಯಬಲ್ಲವರಿಗೆ, ಕೂದಲೆಳೆಯ ಅಂತರದಲ್ಲಿ ನಡೆಯುವ ಬೀಗದ ಕೆಲಸ ಹೊಂದಿಕೊಂಡಿತು.

ಬೀಗ ಒಡೆಯುವವರ ಕಾಲ

ಯೇಲ್ ಈ ಕಸುಬಿಗೆ ಬಂದಾಗ ಬೀಗದ ಲೋಕದಲ್ಲಿ ಕೋಲಾಹಲವೇ ನಡೆದಿತ್ತು. 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಮಹಾ ಪ್ರದರ್ಶನ ನಡೆಯಿತು. ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ಮಾದರಿ ಎನ್ನಲಾಗುವ ಕಟ್ಟಡ ಅದು. ಅಲ್ಲಿಗೆ ಬಂದಿದ್ದ ಅಮೆರಿಕದ ಆಲ್ಫ್ರೆಡ್ ಹಾಬ್ಸ್, ಇಂಗ್ಲೆಂಡಿನ ಹೆಸರಾಂತ ಚಬ್ ಬೀಗವನ್ನು ಅರ್ಧ ಗಂಟೆಯೊಳಗೆ ಕೀ ಇಲ್ಲದೆ ತೆರೆದರು. ಆಮೇಲೆ ಬ್ರಾಮಾ ಬೀಗಕ್ಕೆ ಕೈಹಾಕಿದರು. ಅದನ್ನು ತೆರೆದವರಿಗೆ 200 ಗಿನಿ ಬಹುಮಾನವೆಂದು ಅಂಗಡಿಯ ಕಿಟಕಿಯಲ್ಲಿ ಬೋರ್ಡು ಹಾಕಿ ದಶಕಗಳೇ ಕಳೆದಿದ್ದವು. 16 ದಿನಗಳಲ್ಲಿ ಹರಡಿದ ಸುಮಾರು 51 ಗಂಟೆಗಳ ಕೆಲಸದಲ್ಲಿ ಹಾಬ್ಸ್ ಅದನ್ನೂ ತೆರೆದರು.

ಹಾಬ್ಸ್ ಮಾರುತ್ತಿದ್ದ ಡೇ ಅಂಡ್ ನ್ಯೂವೆಲ್ ಕಂಪನಿಯ ಬೀಗವನ್ನು ಮಾತ್ರ ಯಾರೂ ತೆರೆಯಲಾರರು ಎಂಬ ಮಾತು ಹಬ್ಬಿತು. 1850ರ ದಶಕದಲ್ಲೇ ಆ ಬೀಗವನ್ನು ತೆರೆದು ತೋರಿಸಿದವರು ಲೈನಸ್ ಯೇಲ್.

ಅಷ್ಟರಲ್ಲಿ ಯೇಲ್ ತಮ್ಮದೇ ಒಂದು ಬ್ಯಾಂಕ್ ಬೀಗವನ್ನು ಮಾರುಕಟ್ಟೆಗೆ ತಂದಿದ್ದರು. ಎಂದಿಗೂ ಸೋಲದ್ದು ಎನ್ನುವ ಅರ್ಥದ ಹೆಸರು ಅದಕ್ಕೆ. ಕೀಯ ತುದಿ ಹಿಡಿಕೆಯಿಂದ ಬೇರ್ಪಟ್ಟು, ಕೀ ತೂತಿನಿಂದ ದೂರ ಸರಿದು ಒಳಗೆ ಕೆಲಸ ಮಾಡುವ ಚಮತ್ಕಾರದ ಬೀಗ. ಆದರೆ ಬೇರೆಯವರ ಬೀಗ ತೆರೆದ ಅನುಭವ ಅವರನ್ನು ಸುಮ್ಮನಿರಲು ಬಿಡಲಿಲ್ಲ. ಕೀ ತೂರಿಸಲು ತೂತಿರುವ ಯಾವ ಬೀಗವನ್ನೂ, ತಮ್ಮದನ್ನೂ ಸೇರಿಸಿ, ತಾಳ್ಮೆಯಿರುವ ಜಾಣನೊಬ್ಬ ತೆರೆಯಬಲ್ಲ ಎಂಬ ತೀರ್ಮಾನಕ್ಕೆ ಬಂದರು. ಬ್ಯಾಂಕುಗಳಿಗಾಗಿ ಅವರು ಮುಂದೆ ಕೀಯನ್ನೇ ಕೈಬಿಟ್ಟು, ಅಂಕೆಗಳ ಚಕ್ರ ತಿರುಗಿಸಿ ತೆರೆಯುವ ಬೀಗಗಳತ್ತ ಹೋದರು.

ಚೆನ್ನಾಗಿ ಮಾರಾಟವಾಗುವ ಸರಕಿನ ಕುಂದನ್ನು ಮಾಡಿದವನೇ ಒಪ್ಪಿಕೊಳ್ಳುವುದು ಸುಲಭವಲ್ಲ. ಬೆಲೆ ಹೆಚ್ಚಿದ್ದರೆ ಬೀಗ ತೆರೆಯುವುದೇ ಇಲ್ಲ ಎಂದು ಇಂದಿಗೂ ನಂಬುವ ನಮಗೆ ಇದು ನೆನಪಿರಬೇಕು. ಬೀಗ ಕಳ್ಳನಿಗೆ ಬೇಕಾಗುವ ಸಮಯವನ್ನು ಹೆಚ್ಚಿಸುತ್ತದೆ, ಅಷ್ಟೇ.

ಜೇಬಿಗೆ ಬಂದ ಕೀ

ಮನೆ ಬಾಗಿಲಿಗೆ ಅಂಕೆಚಕ್ರ ಹೊಂದುವುದಿಲ್ಲ. ಅಲ್ಲಿಗೆ ಯೇಲ್ ಅಪ್ಪನ ಪಿನ್ನಿನ ಉಪಾಯಕ್ಕೇ ಮರಳಿದರು. 1861 ಮತ್ತು 1865ರಲ್ಲಿ ಅವರಿಗೆ ಸಿಕ್ಕ ಎರಡು ಪೇಟೆಂಟುಗಳು ಇಂದಿನ ಸಿಲಿಂಡರ್ ಬೀಗದ ತಾಯಿಬೇರು.

ಅದರ ಕೆಲಸ ಹೀಗೆ. ಸ್ಕೂಲಿನ ಗ್ರೂಪ್ ಫೋಟೋ ನೆನಪಿಸಿಕೊಳ್ಳಿ. ಐದು ಮಕ್ಕಳು, ಐದು ಎತ್ತರ. ಎಲ್ಲರ ತಲೆಯೂ ಒಂದೇ ಗೆರೆಗೆ ಬರಬೇಕಾದರೆ ಒಬ್ಬೊಬ್ಬರ ಕಾಲಡಿಗೆ ಬೇರೆ ಬೇರೆ ಎತ್ತರದ ಇಟ್ಟಿಗೆ ಇಡಬೇಕು. ಬೀಗದೊಳಗಿನ ಪಿನ್ನುಗಳೇ ಆ ಮಕ್ಕಳು, ಕೀಯ ಏರುತಗ್ಗುಗಳೇ ಇಟ್ಟಿಗೆಗಳು. ಪ್ರತಿ ಪಿನ್ನಿನ ತಲೆಯ ಮೇಲೆ ಇನ್ನೊಂದು ಪಿನ್ನು, ಅದರ ಮೇಲೆ ಸ್ಪ್ರಿಂಗ್. ಸರಿಯಾದ ಕೀ ಹಾಕಿದಾಗ ಎಲ್ಲ ಕೆಳಪಿನ್ನುಗಳ ತಲೆ ಉರುಳೆಯ ಅಂಚಿಗೆ ಸಮನಾಗಿ ನಿಲ್ಲುತ್ತದೆ, ಉರುಳೆ ತಿರುಗುತ್ತದೆ. ಒಂದೇ ಒಂದು ಪಿನ್ನು ಗೆರೆ ದಾಟಿದರೂ, ಗೆರೆಗಿಂತ ಕೆಳಗಿದ್ದರೂ ತಿರುಗುವುದಿಲ್ಲ.

ಐದು ಪಿನ್ನುಗಳಿಗೆ ತಲಾ ಆರು ಎತ್ತರಗಳಿದ್ದರೆ ಲೆಕ್ಕದ ಪ್ರಕಾರ 7,776 ಬೇರೆ ಬೇರೆ ಕೀಗಳು ಸಾಧ್ಯ. ಬೀಗದ ಒಡಲು ಒಂದೇ, ಪಿನ್ನುಗಳ ಜೋಡಣೆ ಮಾತ್ರ ಬೇರೆ. ಹಾಗಾಗಿ ಪಿನ್ನು ಬದಲಿಸಿದರೆ ಹಳೆಯ ಬೀಗ ಹೊಸ ಬೀಗವಾಗುತ್ತದೆ. ಕೀ ಕಳೆದರೆ ಇಡೀ ಬೀಗವನ್ನೇ ಎಸೆಯಬೇಕು ಎನ್ನುವ ಮಾತು ಯಾವಾಗಲೂ ನಿಜವಲ್ಲ ಎನ್ನುವುದಕ್ಕೆ ಕಾರಣ ಇದು.

ಇನ್ನೊಂದು ಲಾಭವೂ ಆಯಿತು. ಅಲ್ಲಿಯವರೆಗೆ ಬಾಗಿಲು ದಪ್ಪವಿದ್ದಷ್ಟೂ ಕೀ ಉದ್ದವಿರಬೇಕಿತ್ತು. ಯೇಲ್ ಸಿಲಿಂಡರನ್ನು ಬಾಗಿಲಿನ ಹೊರಮೈಗೆ ತಂದಿದ್ದರಿಂದ ಬಾಗಿಲು ಎಷ್ಟೇ ದಪ್ಪವಿರಲಿ, ಚಪ್ಪಟೆಯಾದ ಪುಟ್ಟ ಕೀ ಸಾಕಾಯಿತು.

ಎರಡೂವರೆ ತಿಂಗಳು

1860ರ ದಶಕದಲ್ಲಿ ಯೇಲ್ ಮ್ಯಾಸಚೂಸೆಟ್ಸ್ ರಾಜ್ಯದ ಶೆಲ್‌ಬರ್ನ್ ಫಾಲ್ಸ್‌ನಲ್ಲಿ ಬೀಗ ತಯಾರಿಸುತ್ತಿದ್ದರು. ಬೀಗ ಚೆನ್ನಾಗಿತ್ತು, ಆದರೆ ದೊಡ್ಡ ಪ್ರಮಾಣದಲ್ಲಿ ಮಾಡಲು ಬಂಡವಾಳವೂ ಕಾರ್ಖಾನೆ ನಡೆಸಬಲ್ಲವರೂ ಬೇಕಿತ್ತು. 1868ರ ಅಕ್ಟೋಬರಿನಲ್ಲಿ 24 ವರ್ಷದ ಎಂಜಿನಿಯರ್ ಹೆನ್ರಿ ಟೌನ್ ಪಾಲುದಾರರಾದರು. ಕನೆಕ್ಟಿಕಟ್ ರಾಜ್ಯದ ಸ್ಟ್ಯಾಮ್‌ಫರ್ಡ್‌ನಲ್ಲಿ ಕಾರ್ಖಾನೆ ಕಟ್ಟುವ ಕೆಲಸ ಶುರುವಾಯಿತು.

ಆ ಕಾರ್ಖಾನೆ ಪೂರ್ತಿ ನಡೆಯುವುದನ್ನು ಯೇಲ್ ನೋಡಲಿಲ್ಲ. ಅದೇ ವರ್ಷ ಡಿಸೆಂಬರ್ 25ರಂದು, ವ್ಯವಹಾರಕ್ಕೆಂದು ನ್ಯೂಯಾರ್ಕಿಗೆ ಹೋಗಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 47. ಕಾರ್ಖಾನೆಯನ್ನು ಬೆಳೆಸಿ, ಯೇಲ್ ಎಂಬ ಹೆಸರನ್ನು ದೇಶದೇಶಗಳ ಬಾಗಿಲಿಗೆ ಮುಟ್ಟಿಸಿದವರು ಟೌನ್. ಯೇಲ್ ಅವರ ಮಗಳು ಮ್ಯಾಡಲೀನ್ ಯೇಲ್ ವಿನ್ ಮುಂದೆ ಲೋಹದ ಕುಸುರಿ ಕೆಲಸದ ಕಲಾವಿದೆಯಾಗಿ ಹೆಸರು ಮಾಡಿದರು. ಬಣ್ಣ ಮತ್ತು ಲೋಹ ಎರಡೂ ಆ ಮನೆಯಲ್ಲಿ ಉಳಿದವು.

ಯೇಲ್ ತೀರಿಕೊಂಡ ವರ್ಷದ ಮಾರ್ಚಿನಲ್ಲಿ ಮುಂಬೈಯಲ್ಲಿ ಅರ್ದೇಶಿರ್ ಗೋದ್ರೆಜ್ ಹುಟ್ಟಿದ್ದರು. 1897ರಲ್ಲಿ ಅವರು ಮುಂಬೈಯ ಲಾಲ್‌ಬಾಗಿನಲ್ಲಿ ಶುರುಮಾಡಿದ ಬೀಗದ ಕೆಲಸವೇ ನಮ್ಮ ಮನೆಗಳ ಗೋದ್ರೆಜ್ ಬೀಗ, ಬೀರುಗಳಾಗಿ ಬಂದವು.

ಕಾರಿನ ಬೀಗದಲ್ಲಿ ಏನು ಬೇರೆ?

ಕಾರ್ಲ್ ಬೆಂಜ್ ತಮ್ಮ ಕಾರಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1886ರ ಜನವರಿಯಲ್ಲಿ. ಯೇಲ್ ತೀರಿಕೊಂಡು 17 ವರ್ಷಗಳಾಗಿದ್ದವು. ಹೆಚ್ಚಿನ ಕಾರುಗಳ ಬೀಗದಲ್ಲಿ ದುಂಡು ಪಿನ್ನುಗಳ ಬದಲು ನಡುವೆ ಕಿಂಡಿಯಿರುವ ತೆಳು ತಗಡುಗಳಿರುತ್ತವೆ. ಕೀ ಈ ಕಿಂಡಿಗಳ ಮೂಲಕ ಹಾದು ಪ್ರತಿ ತಗಡನ್ನೂ ತಕ್ಕಷ್ಟೇ ಸರಿಸುತ್ತದೆ. ಎಲ್ಲ ತಗಡುಗಳ ಅಂಚು ಉರುಳೆಯೊಳಗೆ ಸಮನಾದರೆ ಅದು ತಿರುಗುತ್ತದೆ. ತತ್ವ ಅದೇ. ನಮ್ಮ ಕಾರಿನಲ್ಲಿ ಬದಲಾಗಿದ್ದು ಈ ತಗಡುಗಳ ಸಾಲು.

ನಿಮ್ಮ ಕಾರಿನ ಕೀ ಕಳೆದರೆ ಇವಿಷ್ಟು ನೆನಪಿರಲಿ:

- ಕೀ ಬೇರೆಯವರ ಕೈಗೆ ಸಿಕ್ಕಿರುವ ಅನುಮಾನವಿದ್ದರೆ ಡೂಪ್ಲಿಕೇಟ್ ಸಾಲದು, ಬೀಗದ ಒಳಜೋಡಣೆಯೂ ಬದಲಾಗಬೇಕು. ಬಾಗಿಲು, ಡಿಕ್ಕಿ, ಇಗ್ನಿಷನ್ ಎಲ್ಲಕ್ಕೂ ಒಂದೇ ಕೀ ಇದ್ದರೆ ಎಲ್ಲವನ್ನೂ ಒಟ್ಟಿಗೆ ಮಾಡಿಸಿ.
- ಚಿಪ್ ಇರುವ ಕೀ ಆದರೆ, ಕಳೆದ ಕೀಯ ಗುರುತನ್ನು ಕಾರಿನ ಮೆಮೊರಿಯಿಂದ ಅಳಿಸಲು ಹೇಳಿ. ಆಗ ಆ ಕೀಯಿಂದ ಎಂಜಿನ್ ಶುರುವಾಗದು. ಬಾಗಿಲನ್ನು ಮಾತ್ರ ತೆರೆಯಬಹುದು.
- ಸಿಲಿಂಡರಿನ ಒಡಲೇ ಸವೆದಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಮಾತ್ರ ಪೂರ್ತಿ ಬದಲಿಸುವ ಮಾತು ಸರಿ.
- ಸವೆದ ಕೀಯ ನಕಲು ಮಾಡಿಸಿದರೆ ಸವೆತವೂ ನಕಲಾಗುತ್ತದೆ. ಕಾರು ಕೊಂಡಾಗ ಕೀ ಜತೆ ನಂಬರಿನ ಬಿಲ್ಲೆ ಬಂದಿದ್ದರೆ ಮನೆಯಲ್ಲಿ ಜೋಪಾನ ಮಾಡಿ. ಆ ನಂಬರಿನಿಂದ ಮೂಲ ಅಳತೆಯ ಕೀ ಕತ್ತರಿಸಬಹುದು.
- ಬಿಗಿಯಾದ ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡಬೇಡಿ. ಮೊದಲ ದಿನ ಸಲೀಸಾಗುತ್ತದೆ, ಆಮೇಲೆ ಎಣ್ಣೆಗೆ ದೂಳು ಅಂಟಿ ತಗಡುಗಳು ಸಿಕ್ಕಿಕೊಳ್ಳುತ್ತವೆ. ಬೀಗಕ್ಕೆಂದೇ ಸಿಗುವ ಗ್ರಾಫೈಟ್ ಪುಡಿ ಒಳ್ಳೆಯದು.
- ಆರ್‌ಸಿ ಕೇಳದೆ ಕಾರಿನ ಬೀಗಕ್ಕೆ ಕೈಹಾಕುವವರ ಹತ್ತಿರ ಹೋಗಬೇಡಿ. ಇಂದು ನಿಮ್ಮ ಕಾರು ತೆರೆದುಕೊಟ್ಟವರು ನಾಳೆ ನಿಮ್ಮದೇ ಕಾರನ್ನು ಇನ್ನೊಬ್ಬರಿಗೆ ತೆರೆದುಕೊಡಬಹುದು.

ಅಪ್ಪನ ಹೊಸ ಕೀಗೂ ಒಂದು ಬಿಲ್ಲೆ ಇದೆ. ಈ ಸಲ ಅದರ ಮೇಲೆ ಕಾರಿನ ನಂಬರ್ ಇಲ್ಲ, ತಮ್ಮನ ಫೋನ್ ನಂಬರ್ ಮಾತ್ರ ಇದೆ.