ಕಲಕತ್ತೆಯ ಏಳು ವರ್ಷಗಳು

ನಮ್ಮ ಕಮರಿಪೇಟೆಯ ಓಣಿಯಲ್ಲಿ ಒಂದು ಸಾವಜಿ ಖಾನಾವಳಿಯಿದೆ. ಅದರ ಮಾಲಕರ ಮಗ ನನ್ನ ವಿದ್ಯಾರ್ಥಿ. ಕಾವ್ಯಪಾಠ ನಡೆದಿರುವಾಗ ಅವನ ಕೈ ವಹಿಯ ಅಂಚಿನಲ್ಲಿ ಕುದುರೆ, ಗೋಪುರ, ಗೆಳೆಯರ ಮೂಗು ಇವುಗಳನ್ನು ಬಿಡಿಸುತ್ತ ಇರುತ್ತಿತ್ತು. ಕಳೆದ ಬೇಸಿಗೆಯಲ್ಲಿ ಪದವಿಪೂರ್ವ ಪರೀಕ್ಷೆ ಮುಗಿಸಿದವನು ತಂದೆಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದನು. ಚಿತ್ರಕಲೆಯಲ್ಲಿಯೇ ಪದವಿ ಪಡೆಯಬೇಕೆಂಬುದು ಅವನ ಹಟ. ಅಲ್ಲಿ ಕುಂಚದ ಕೆಲಸ, ಗಣಕಯಂತ್ರದ ಮೇಲಿನ ಚಿತ್ರಣ, ಕಲೆಯ ಇತಿಹಾಸ ಮೂರನ್ನೂ ಕಲಿಸುತ್ತಾರಂತೆ. ತಂದೆಯ ಮಾತು ನೇರವಾದುದು. ಚಿತ್ರ ತೆಗೆಯುವುದು ಹುಡುಗನಿಗೆ ಈಗಾಗಲೇ ಬರುತ್ತದೆ, ಬರುವುದನ್ನೇ ಕಲಿಯಲು ಕಾಲೇಜು ಏತಕ್ಕೆ ಎಂದು ಅವರು ಕೇಳಿದರು. ನನಗೆ ಆಗ ಉತ್ತರ ತೋಚಲಿಲ್ಲ. ಅವರು ಎದ್ದು ಹೋದ ಮೇಲೆ ಚಿತ್ರಕಾರ ಕೆ. ವೆಂಕಟಪ್ಪನವರ ನೆನಪಾಯಿತು.

ವೆಂಕಟಪ್ಪನವರು 1886ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಅವರದು ಅರಮನೆಯ ಆಶ್ರಯದಲ್ಲಿದ್ದ ಚಿತ್ರಗಾರರ ಮನೆತನ. ಅಂಥ ಮನೆಗಳಲ್ಲಿ ಬಣ್ಣ ಅರೆಯುವುದು, ಮಕ್ಕಿಯಂಟಿನಿಂದ ಒಡವೆಗಳನ್ನು ಉಬ್ಬಿಸುವುದು, ಅದರ ಮೇಲೆ ಚಿನ್ನದ ರೇಕು ಕೂರಿಸುವುದು ಮಕ್ಕಳಿಗೆ ಅಕ್ಷರದ ಜೊತೆಗೇ ಬರುವ ವಿದ್ಯೆಗಳು. ಖಾನಾವಳಿಯ ಮಾಲಕರ ಪ್ರಶ್ನೆಯನ್ನು ಆ ಮನೆಯವರೂ ಕೇಳಬಹುದಾಗಿತ್ತು. ಆದರೂ ಈ ತರುಣ ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ 1909ರಲ್ಲಿ ಕಲಕತ್ತೆಯ ಸರಕಾರಿ ಕಲಾಶಾಲೆಗೆ ಹೋದನು. ಅಲ್ಲಿ ಕಳೆದುದು ಏಳು ವರ್ಷ.

ನಮ್ಮ ಭಾಗ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹುಬ್ಬಳ್ಳಿ ಧಾರವಾಡದ ಕಡೆಯ ಕಲಾರ್ಥಿಗಳಿಗೆ 1857ರಲ್ಲಿ ಆರಂಭವಾದ ಜೆ. ಜೆ. ಕಲಾಶಾಲೆಯೇ ಕಾಶಿ. ಧಾರವಾಡದಲ್ಲಿ ಕಲಾಶಾಲೆಯನ್ನು ಕಟ್ಟಿದ ಡಿ. ವಿ. ಹಾಲಭಾವಿಯವರು ಅಲ್ಲಿಯೇ ಕಲಿತು ಬಂದವರು. ಕಲಕತ್ತೆಯ ಹವೆಯೇ ಬೇರೆ. ಹ್ಯಾವೆಲ್ ಎಂಬ ಆಂಗ್ಲ ಪ್ರಾಂಶುಪಾಲರು ಯುರೋಪಿನ ಮಾದರಿಗಳನ್ನು ಹಿಂದೆ ಸರಿಸಿ ಭಾರತೀಯ ಕಲೆಯನ್ನು ಪಾಠದ ನಡುವೆ ತಂದಿದ್ದರು. 1905ರಲ್ಲಿ ಅವನೀಂದ್ರನಾಥ ಠಾಕೂರರನ್ನು ಉಪಪ್ರಾಂಶುಪಾಲರನ್ನಾಗಿ ನೇಮಿಸಿದ್ದರು. ವೆಂಕಟಪ್ಪನವರು ಹೋಗುವ ಹೊತ್ತಿಗೆ ಹ್ಯಾವೆಲ್ಲರು ಶಾಲೆಯಲ್ಲಿರಲಿಲ್ಲ. ಅವರು ಹಚ್ಚಿದ ದೀಪ ಅವನೀಂದ್ರರ ಕೈಯಲ್ಲಿತ್ತು. ಅವರ ಸುತ್ತ ನಂದಲಾಲ ಬೋಸ್, ಅಸಿತಕುಮಾರ ಹಾಲ್ದಾರ್ ಮೊದಲಾದ ಶಿಷ್ಯರು ನೆರೆದಿದ್ದರು.

ಕಲೆಯ ಇತಿಹಾಸವನ್ನು ಈ ಶಿಷ್ಯರು ಕಲಿತ ಬಗೆಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕು. 1909ರಿಂದ 1911ರ ವರೆಗಿನ ಚಳಿಗಾಲಗಳಲ್ಲಿ ಲೇಡಿ ಹೆರಿಂಗ್‌ಹ್ಯಾಮ್ ಅವರು ಅಜಂತೆಯ ಭಿತ್ತಿಚಿತ್ರಗಳ ಪ್ರತಿ ತೆಗೆಯಿಸಿದಾಗ ಅವನೀಂದ್ರರ ಕೆಲವು ಶಿಷ್ಯರು ಆ ತಂಡದಲ್ಲಿ ದುಡಿದರು. ಅವರಲ್ಲಿ ವೆಂಕಟಪ್ಪನವರೂ ಒಬ್ಬರು. ಸಾವಿರಾರು ವರ್ಷಗಳ ಹಿಂದಿನ ರೇಖೆಯನ್ನು ಗುಹೆಯ ಮಬ್ಬಿನಲ್ಲಿ ನಿಂತು ತನ್ನ ಕೈಯಿಂದ ಮತ್ತೆ ಎಳೆಯುವುದು ಎಂಥ ಅಭ್ಯಾಸ! ಸನ್ ತಾರೀಖು ಬಾಯಿಪಾಠ ಮಾಡಿಸುವ ನಮ್ಮಂಥವರಿಗೆ ಅದನ್ನು ನೆನೆದರೆ ತುಸು ನಾಚಿಕೆಯಾಗುತ್ತದೆ.

1914ರಲ್ಲಿ ಅವನೀಂದ್ರರು ಭಾರತೀಯ ಕಲೆಯ ಅಂಗರಚನೆಯನ್ನು ಕುರಿತು ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದರು. ಅದರ ರೇಖಾಚಿತ್ರಗಳನ್ನು ಬರೆದುಕೊಟ್ಟವರು ನಂದಲಾಲರು ಮತ್ತು ನಮ್ಮ ವೆಂಕಟಪ್ಪನವರು. ಹುಬ್ಬು ಬೇವಿನ ಎಲೆಯಂತೆ ಇಲ್ಲವೆ ಬಿಲ್ಲಿನಂತೆ, ಕಣ್ಣು ಮೀನಿನಂತೆ, ಸ್ತ್ರೀಯ ಮೂಗು ಎಳ್ಳಿನ ಹೂವಿನಂತೆ, ಕೊರಳು ಶಂಖದಂತೆ, ಪುರುಷನ ಮುಂಡ ಆಕಳ ಮೊಗದಂತೆ, ಮೊಣಕಾಲಿನ ಚಿಪ್ಪು ಏಡಿಯ ಬೆನ್ನಿನಂತೆ ಎಂದು ಅಂಗಾಂಗಕ್ಕೂ ಅಲ್ಲಿ ಒಂದೊಂದು ಹೋಲಿಕೆ. ಇಪ್ಪತ್ತು ವರ್ಷಗಳಿಂದ ನಾನು ಉಪಮಾಲಂಕಾರವನ್ನು ಕಲಿಸುತ್ತಿದ್ದೇನೆ. ಉಪಮಾನ, ಉಪಮೇಯ, ವಾಚಕಪದ, ಸಮಾನಧರ್ಮ ಎಂದು ಹಲಗೆಯ ಮೇಲೆ ಬರೆದು ಅಂಕ ಕೊಟ್ಟದ್ದೂ ಆಯಿತು. ಮೀನಿನಂಥ ಕಣ್ಣು ಎಂದು ಕವಿ ಹೇಳಿದ್ದನ್ನು ಒಬ್ಬನು ಮೀನನ್ನು ದಿಟ್ಟಿಸಿ ನೋಡಿ, ಕಣ್ಣನ್ನು ದಿಟ್ಟಿಸಿ ನೋಡಿ, ಎರಡರ ನಡುವಿನ ಒಂದೇ ರೇಖೆಯನ್ನು ಹುಡುಕಿ ತೆಗೆದನೆಂಬುದು ಆ ಹೊತ್ತಗೆಯನ್ನು ಕಾಣುವ ತನಕ ನನಗೆ ಹೊಳೆದಿರಲಿಲ್ಲ. ಮೈಸೂರಿನ ಮನೆಯಲ್ಲಿ ಪಳಗಿದ ಕೈಗೆ ಕಲಕತ್ತೆಯಲ್ಲಿ ದೊರೆತದ್ದು ಈ ನೋಟ. ಭಗಿನಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥ 1913ರಲ್ಲಿ ಬಂದಾಗ ಅದರಲ್ಲಿ ವೆಂಕಟಪ್ಪನವರ ರಾಮಾಯಣದ ಚಿತ್ರಗಳೂ ಇದ್ದವು. ಕಲಿಯುವ ಹುಡುಗನ ಕೆಲಸ ಗುರುವಿನ ಕೆಲಸದ ಪಕ್ಕದಲ್ಲಿಯೇ ಅಚ್ಚಾಗಿತ್ತು.

ಮೈಸೂರಿಗೆ ಮರಳಿದವರು ಒಂದೇ ದಾರಿ ಹಿಡಿದು ನಡೆಯಲಿಲ್ಲ. ಮೂವತ್ತರ ವಯಸ್ಸಿನಲ್ಲಿ ವೀಣೆ ಶೇಷಣ್ಣನವರ ಶಿಷ್ಯರಾಗಿ ಮತ್ತೆ ಮೊದಲಿನಿಂದ ಸರಿಗಮಕ್ಕೆ ಕುಳಿತರು. ವೀಣೆಯ ಸೆಳೆತ ಕುಂಚವನ್ನು ಮೂಲೆಗೊತ್ತುವಷ್ಟು ಬಲವಾಯಿತು. ಆ ಎಳೆದಾಟವನ್ನೇ ವಸ್ತುವಾಗಿಸಿ, ತಮಗೆ ಹಿಡಿದ ವೀಣೆಯ ಹುಚ್ಚನ್ನು ಕುರಿತು 1926ರಲ್ಲಿ ಒಂದು ಚಿತ್ರ ಬರೆದರು. ಅದೇ ವರ್ಷ ಶೇಷಣ್ಣನವರು ತೀರಿಕೊಂಡರು. ಊಟಿಯ ಮಂಜು, ಬೆಟ್ಟ, ಬೆಳದಿಂಗಳುಗಳ ಜಲವರ್ಣಗಳನ್ನು ನಾನು ಬೆಂಗಳೂರಿನಲ್ಲಿ ಎಂ. ಎ. ವಿದ್ಯಾರ್ಥಿಯಾಗಿದ್ದಾಗ ಮೊದಲ ಸಲ ನೋಡಿದೆ. ಅಂಗೈಯಗಲದ ಕಾಗದದ ಮುಂದೆ ಅರ್ಧ ತಾಸು ನಿಂತಿದ್ದ ನನ್ನನ್ನು ಕಂಡು ಕಾವಲುಗಾರನಿಗೆ ಸಂಶಯ ಬಂದಿರಬೇಕು, ಎರಡು ಸಲ ಹತ್ತಿರ ಬಂದು ಹೋದನು.

ಜೀವನೋಪಾಯದ ಮಾತನ್ನು ಮುಚ್ಚಿಡಲಾಗದು. ವೆಂಕಟಪ್ಪನವರು ಮದುವೆಯಾಗಲಿಲ್ಲ, ಮಿತವಾಗಿ ಬದುಕಿದರು. ಸ್ವಭಾವ ಬಿಗಿಯಾದುದು, ಸ್ವಾಭಿಮಾನ ಅದಕ್ಕಿಂತ ಬಿಗಿ. ಮೈಸೂರು ಅರಮನೆಗಾಗಿ ಗಾರೆಯಲ್ಲಿ ಉಬ್ಬುಶಿಲ್ಪಗಳನ್ನು ರೂಪಿಸಿದ್ದರು. ಶಕುಂತಲೆ ಆಶ್ರಮದಿಂದ ಹೊರಡುವ ದೃಶ್ಯ ಅವುಗಳಲ್ಲೊಂದು. ಆ ಕೆಲಸದ ಪ್ರತಿಫಲವನ್ನು ಕುರಿತು ಭಿನ್ನಾಭಿಪ್ರಾಯ ಹುಟ್ಟಿ, 1940ರ ದಶಕದಲ್ಲಿ ಅರಮನೆಯ ಮೇಲೆಯೇ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ತನ್ನನ್ನು ಓದಿಸಿದ ಆಶ್ರಯದ ಎದುರು ನಿಂತದ್ದು ಸರಿಯೇ ಎಂದು ಕೇಳುವವರಿದ್ದಾರೆ. ನನ್ನ ಮಟ್ಟಿಗೆ, ದಿನಗೂಲಿಯ ಲೆಕ್ಕಕ್ಕೆ ಒಪ್ಪದ ಆ ಹಟವೂ ಕಲಕತ್ತೆಯಲ್ಲಿ ಕಲಿತದ್ದೇ. ಮನೆತನದ ಚಿತ್ರಗಾರನಾಗಿಯೇ ಉಳಿದಿದ್ದರೆ ಕೊಟ್ಟಷ್ಟನ್ನು ಕಣ್ಣಿಗೊತ್ತಿಕೊಂಡು ಸುಮ್ಮನಿರುತ್ತಿದ್ದರೋ ಏನೋ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1965ರಲ್ಲಿ ನಿಧನರಾದರು. ಅವರ ಕೃತಿಗಳಿಗಾಗಿ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆ 1970ರ ದಶಕದಲ್ಲಿ ತೆರೆಯಿತು.

ವಾರದ ನಂತರ ಖಾನಾವಳಿಗೆ ಹೋಗಿ ತಂದೆಗೆ ಇದನ್ನೆಲ್ಲ ಹೇಳಿದೆ, ನ್ಯಾಯಾಲಯದ ಸಂಗತಿಯನ್ನೂ ಬಿಡಲಿಲ್ಲ. ಅವರು ಗಲ್ಲೆಯ ಹಿಂದೆ ಕುಳಿತು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಏಳು ವರ್ಷದ ಊಟ ವಸತಿಯ ಖರ್ಚನ್ನು ಮಹಾರಾಜರು ಕೊಟ್ಟಿದ್ದರು, ಇಲ್ಲಿ ನಾನೇ ಕೊಡಬೇಕಲ್ಲ ಸರ್ ಎಂದು ನಕ್ಕರು. ಅರ್ಜಿಗೆ ಸಹಿ ಮಾತ್ರ ಅದಾಗಲೇ ಆಗಿತ್ತು. ಹುಡುಗ ಒಳಗಿನಿಂದ ಬಂದು ತನ್ನ ವಹಿಯನ್ನು ನನ್ನ ಮುಂದೆ ಹಿಡಿದನು. ಪುಟದ ತುಂಬ ಏಡಿಗಳು, ಅವುಗಳ ನಡುವೆ ಎಲ್ಲೋ ಒಂದು ಮೊಣಕಾಲು.