ದೊಡ್ಡ ಸ್ವಾಮಿಯವರು: ಅಬ್ಬೆ ದ್ಯುಬುವಾ



ನಮ್ಮ ಹಿರಿಯರ ತೋಳಿನ ಮೇಲೆ ದುಂಡನೆಯ ಒಂದು ಕಲೆ ಇರುವುದನ್ನು ನೀವು ನೋಡಿರುತ್ತೀರಿ. ಅದು ಸಿಡುಬಿನ ಲಸಿಕೆಯ ಗುರುತು. ಮೈಸೂರು ಸೀಮೆಯಲ್ಲಿ ಈ ಲಸಿಕೆಯನ್ನು ಮೊದಮೊದಲು ಜನರಿಗೆ ತಲುಪಿಸಿದವರಲ್ಲಿ ಒಬ್ಬ ಕಥೋಲಿಕ ಗುರುಗಳಿದ್ದರು. ಅವರೇ ಅಬ್ಬೆ ದ್ಯುಬುವಾ. ಫ್ರೆಂಚರು ಗುರುಗಳನ್ನು ಗೌರವದಿಂದ 'ಅಬ್ಬೆ' ಎನ್ನುತ್ತಾರೆ. ನಮ್ಮ ಜನ ಕರೆದದ್ದು ದೊಡ್ಡ ಸ್ವಾಮಿಯವರು ಎಂದು.

ಜಾನ್ ಆಂತ್ವಾನ್ ದ್ಯುಬುವಾ ಫ್ರಾನ್ಸಿನ ಆರ್ದೆಶ್ ಪ್ರಾಂತದವರು. 1792ರಲ್ಲಿ ಯಾಜಕದೀಕ್ಷೆ ಪಡೆದರು. ಆಗ ಅಲ್ಲಿ ಕ್ರಾಂತಿಯ ಗಲಭೆ. ಅದೇ ವರ್ಷ ಪ್ಯಾರಿಸ್ ವಿದೇಶಿ ಮಿಷನ್ ಸಭೆಯ ಮೂಲಕ ಭಾರತಕ್ಕೆ ಹೊರಟರು. ಮುಂದೆ ಮೈಸೂರಿಗೂ ನಮ್ಮ ಕೊಯಮತ್ತೂರಿಗೂ ಗುರುಗಳನ್ನು ಕಳಿಸಿದ್ದು ಇದೇ ಸಭೆ. ಇಲ್ಲಿಗೆ ಬಂದ ದ್ಯುಬುವಾ ಈ ನೆಲದ ಉಡುಗೆ ತೊಟ್ಟರು, ಇಲ್ಲಿಯ ಊಟವನ್ನೇ ಉಂಡರು, ಇಲ್ಲಿಯ ಭಾಷೆಗಳನ್ನು ಕಲಿತರು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಅಲ್ಲಿಯವರೆಗೆ ಕೊಯಮತ್ತೂರು ಸೀಮೆಯೂ ಮೈಸೂರಿನ ಆಳ್ವಿಕೆಯಲ್ಲೇ ಇತ್ತು. 1784ರಲ್ಲಿ ಕರಾವಳಿಯಿಂದ ಸಾವಿರಾರು ಕ್ರೈಸ್ತರನ್ನು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಗಿತ್ತು. ಯುದ್ಧ ಮುಗಿದಾಗ ಮೈಸೂರು ಸೀಮೆಯ ಕ್ರೈಸ್ತರು ಚದುರಿ ಹೋಗಿದ್ದರು. ಅವರನ್ನು ಮತ್ತೆ ಒಟ್ಟುಗೂಡಿಸುವ ಕೆಲಸ ದ್ಯುಬುವಾ ಸ್ವಾಮಿಯವರ ಪಾಲಿಗೆ ಬಂತು. ಬಲಿಪೂಜೆ, ಬೋಧನೆಗಳ ಜೊತೆಗೆ ಹೊಟ್ಟೆಪಾಡಿನ ದಾರಿಯನ್ನೂ ಅವರು ನೋಡಿದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯದ ನೆಲೆಯೊಂದನ್ನು ಕಟ್ಟಿದರು.

ಆ ಕಾಲದಲ್ಲಿ ಸಿಡುಬು ಬಂದರೆ ಮನೆಮನೆಯೇ ಖಾಲಿಯಾಗುತ್ತಿತ್ತು. ಉಳಿದವರಲ್ಲಿ ಎಷ್ಟೋ ಜನ ಕಣ್ಣು ಕಳೆದುಕೊಳ್ಳುತ್ತಿದ್ದರು. ಜೆನ್ನರ್ ಅವರ ಲಸಿಕೆ 1802ರಲ್ಲಿ ಮುಂಬಯಿಗೆ ಬಂದಿತ್ತು. ಆಗ ಲಸಿಕೆಯನ್ನು ತಂಪಾಗಿಡುವ ಪೆಟ್ಟಿಗೆಗಳಿರಲಿಲ್ಲ. ಲಸಿಕೆ ಹಾಕಿದ ಸುಮಾರು ಎಂಟು ದಿನಕ್ಕೆ ತೋಳಿನಲ್ಲಿ ಏಳುವ ಗುಳ್ಳೆಯಿಂದ ರಸ ತೆಗೆದು ಇನ್ನೊಬ್ಬರ ತೋಳಿಗೆ ಹಾಕಬೇಕಿತ್ತು. ಅಂದರೆ ಲಸಿಕೆ ಹಾಕಿಸಿಕೊಂಡವರು ಎಂಟನೆಯ ದಿನ ಮತ್ತೆ ಬರಬೇಕು, ತೋಳು ಒಡ್ಡಬೇಕು. ಒಬ್ಬರೂ ಬರದಿದ್ದರೆ ಸರಪಳಿ ಅಲ್ಲಿಗೇ ಕಡಿದಂತೆ. ಸಿಡುಬನ್ನು ಅಮ್ಮನೆಂದು ಕಂಡು ಭಯಭಕ್ತಿಯಿಂದ ಇದ್ದ ಜನರಿಗೆ ಇದು ಸುಲಭದ ಮಾತಲ್ಲ. ನಂಬಿಕೆ ಇದ್ದವರು ಹೇಳಿದರೆ ಮಾತ್ರ ಒಪ್ಪುತ್ತಿದ್ದರು. 1803–04ರ ಸುಮಾರಿಗೆ ದ್ಯುಬುವಾ ಅವರ ಪ್ರಯತ್ನದಿಂದ ಲಸಿಕೆ ಪಡೆದವರೆಂದು ದಾಖಲಾದವರು 25,432 ಮಂದಿ.

ಲೋಕಕ್ಕೆ ಅವರ ಹೆಸರು ಗೊತ್ತಿರುವುದು ಹಿಂದೂಗಳ ಆಚಾರ ವಿಚಾರಗಳ ಕುರಿತ ಪುಸ್ತಕದಿಂದ. ಆದರೆ ಅದರ ಬಹುಭಾಗ ಅವರಿಗಿಂತ ಹಿಂದೆ ಇಲ್ಲಿದ್ದ ಜೆಸ್ವಿತ್ ಗುರು ಕೂರ್ದೂ ಅವರ ಬರಹದಿಂದ ಬಂದದ್ದೆಂದು ನಂತರದ ವಿದ್ವಾಂಸರು ತೋರಿಸಿದ್ದಾರೆ. ಇತ್ತ ಧರ್ಮಪ್ರಚಾರದಲ್ಲಿ ತಮಗೆ ಫಲ ಸಿಗಲಿಲ್ಲವೆಂಬ ನಿರಾಶೆ ಅವರಿಗಿತ್ತು. ಅದನ್ನು ಮುಚ್ಚಿಡದೆ ಬರೆದರು. 1823ರಲ್ಲಿ ಭಾರತ ಬಿಟ್ಟರು. ಪ್ಯಾರಿಸಿನಲ್ಲಿ ತಮ್ಮ ಸಭೆಯ ಶ್ರೇಷ್ಠರಾಗಿಯೂ ಸೇವೆ ಮಾಡಿ 1848ರಲ್ಲಿ ತೀರಿಕೊಂಡರು.

ಸೋತೆ ಎಂದುಕೊಂಡು ಹಡಗು ಹತ್ತಿದ ಆ ಗುರುಗಳ ಹಿಂದೆ, ಸಿಡುಬಿಗೆ ಬಲಿಯಾಗದೆ ಉಳಿದ ಮಕ್ಕಳು ಆಗಲೇ ದೊಡ್ಡವರಾಗಿ ಸಂಸಾರ ಹೂಡಿದ್ದರು. ಸಾತಳ್ಳಿಯ ಹೊಲಗಳಲ್ಲಿ ಬೆಳೆ ಇತ್ತು. 1980ರಲ್ಲಿ ಸಿಡುಬು ಭೂಮಿಯಿಂದಲೇ ಅಳಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಯುವಜನರೇ, ಮಗ್ಗದ ಕೆಲಸಕ್ಕೆಂದು ದೂರದಿಂದ ಬಂದ ಕುಟುಂಬಗಳು ನಮ್ಮ ಬೀದಿಗಳಲ್ಲಿವೆ. ಭಾಷೆ ತಿಳಿಯದ ತಾಯಂದಿರು ಮಗುವಿಗೆ ಮೊದಲ ಲಸಿಕೆ ಹಾಕಿಸಿ, ಎರಡನೆಯದಕ್ಕೆ ಹೋಗಲು ಹಿಂಜರಿಯಬಹುದು. ಕನ್ನಡ, ತಮಿಳು ಎರಡೂ ಬಲ್ಲ ನಾವು ಅವರ ಜೊತೆ ಆಸ್ಪತ್ರೆಗೆ ಹೋಗಿಬರಬಹುದಲ್ಲವೇ? ಬರುವ ಭಾನುವಾರ ಪೂಜೆಯ ನಂತರ ಇದಕ್ಕಾಗಿ ಹೆಸರು ಕೊಡಿ.

— ಯುವಜನ ಸಂಯೋಜಕ