ಮಲೆನಾಡಿನ ಕಾಡನ್ನು ಓದಿದ ಡಾಕ್ಟರು: ಹ್ಯೂ ಕ್ಲೆಗ್‌ಹಾರ್ನ್

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನ ಪರಿಚಯ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಮೊದಲು ನೆನಪಾದ ಹೆಸರು ಡಾ. ಹ್ಯೂ ಕ್ಲೆಗ್‌ಹಾರ್ನ್ ಅವರದು. ಈ ಶಾಲೆಯಲ್ಲೇ ಓದಿ, ಮುಂದೆ ಇಲ್ಲಿಯೇ ಹಲವು ವರ್ಷ ಜೀವಶಾಸ್ತ್ರ ಪಾಠ ಮಾಡಿದವನು ನಾನು. ನ್ಯೂಟನ್, ಡಾರ್ವಿನ್, ಸಿ.ವಿ. ರಾಮನ್ ಅವರ ಬಗ್ಗೆ ಮಕ್ಕಳಿಗೆ ಪುಸ್ತಕಗಳಲ್ಲಿ ಓದಲು ಸಿಗುತ್ತದೆ. ಅರಣ್ಯ ಇತಿಹಾಸ ಬಲ್ಲವರೆಲ್ಲರಿಗೂ ಗೊತ್ತಿರುವ ಕ್ಲೆಗ್‌ಹಾರ್ನ್ ಮಾತ್ರ, ನಮ್ಮ ಶಿವಮೊಗ್ಗದಲ್ಲೇ ಕೆಲಸ ಮಾಡಿದವರಾದರೂ, ನಮ್ಮ ಮಕ್ಕಳಿಗೆ ಅಪರಿಚಿತರಾಗಿ ಉಳಿದಿದ್ದಾರೆ.

ಅವರು ಹುಟ್ಟಿದ್ದು 1820ರ ಆಗಸ್ಟ್ 9ರಂದು, ಮದರಾಸಿನಲ್ಲಿ. ತಂದೆ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಅಧಿಕಾರಿ. ಇನ್ನೂ ಚಿಕ್ಕ ಮಗುವಾಗಿದ್ದಾಗಲೇ ಅವರನ್ನು ಸ್ಕಾಟ್ಲೆಂಡಿನ ಸ್ಟ್ರಾವಿತಿ ಎಂಬಲ್ಲಿದ್ದ ಅಜ್ಜನ ಮನೆಗೆ ಕಳುಹಿಸಲಾಯಿತು. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿ 1841ರಲ್ಲಿ ಎಂ.ಡಿ. ಪದವಿ ಪಡೆದರು. ಆ ಕಾಲದಲ್ಲಿ ಔಷಧಿಗಳೆಲ್ಲ ಹೆಚ್ಚಾಗಿ ಗಿಡಮೂಲಿಕೆಗಳಿಂದಲೇ ಬರುತ್ತಿದ್ದುದರಿಂದ ಡಾಕ್ಟರಾಗುವವರು ಸಸ್ಯಶಾಸ್ತ್ರವನ್ನೂ ಕಲಿಯಬೇಕಿತ್ತು. ಅವರ ಜೀವನದ ದಾರಿಯನ್ನು ಬದಲಿಸಿದ್ದು ಆ ಪಾಠವೇ. 1842ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಸರ್ಜನ್ ಆಗಿ ಅವರು ಮದರಾಸಿಗೆ ಮರಳಿದರು.

ಕೆಲವು ವರ್ಷಗಳಲ್ಲೇ ಅವರಿಗೆ ಶಿವಮೊಗ್ಗಕ್ಕೆ ವರ್ಗವಾಯಿತು. ಆಗ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಕಮಿಷನರ್ ಆಗಿದ್ದವರು ಮಾರ್ಕ್ ಕಬ್ಬನ್. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಬಂದಿರುವುದು ಅವರದೇ ಹೆಸರು. ಕ್ಲೆಗ್‌ಹಾರ್ನ್ ಇಲ್ಲಿ ರೋಗಿಗಳನ್ನು ನೋಡುವುದರ ಜೊತೆಗೆ ಒಂದು ವ್ರತ ಹಿಡಿದರು. ದಿನಕ್ಕೊಂದು ಗಿಡವನ್ನು ಆರಿಸಿಕೊಂಡು, ಅದರ ಎಲೆ, ಹೂ, ಕಾಯಿಗಳನ್ನು ಬಿಡಿಸಿ ನೋಡಿ ಅಭ್ಯಾಸ ಮಾಡುವುದೇ ಆ ವ್ರತ. ಇಲ್ಲಿಯ ಒಬ್ಬ ಚಿತ್ರಕಾರನನ್ನು ನೇಮಿಸಿಕೊಂಡು ಆ ಗಿಡಗಳ ಚಿತ್ರಗಳನ್ನೂ ಬರೆಸಿದರು. ಶಿವಮೊಗ್ಗದಲ್ಲಿ ಆರಂಭವಾದ ಆ ಚಿತ್ರಸಂಗ್ರಹ ಮುಂದೆ ಮದರಾಸಿನಲ್ಲಿ ಬೆಳೆಯಿತು. ಇಂದಿಗೂ ಅದು ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿ ಭದ್ರವಾಗಿದೆ.

ಗಿಡ ನೋಡಲು ಹೋದವರ ಕಣ್ಣಿಗೆ ಕಾಡಿನ ಸ್ಥಿತಿಯೂ ಬಿತ್ತು. ಒಳ್ಳೆಯ ತೇಗದ ಮರಗಳು ಲೆಕ್ಕವಿಲ್ಲದೆ ಉರುಳುತ್ತಿದ್ದವು. ಕಡಿದವರಿದ್ದರೇ ಹೊರತು ನೆಟ್ಟವರಿರಲಿಲ್ಲ. ಅಷ್ಟರಲ್ಲಿ ಆರೋಗ್ಯ ಕೆಟ್ಟು 1848ರಲ್ಲಿ ಅವರು ರಜೆಯ ಮೇಲೆ ಸ್ಕಾಟ್ಲೆಂಡಿಗೆ ಹೋಗಬೇಕಾಯಿತು. ಆ ರಜೆಯನ್ನೂ ಅವರು ವ್ಯರ್ಥ ಮಾಡಲಿಲ್ಲ. 1850ರಲ್ಲಿ ಎಡಿನ್‌ಬರೋದಲ್ಲಿ ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನ ಸಂಸ್ಥೆಯ ಸಮ್ಮೇಳನ ನಡೆಯಿತು. ಉಷ್ಣವಲಯದ ಕಾಡುಗಳು ನಾಶವಾದರೆ ಏನಾದೀತು ಎಂದು ಪರಿಶೀಲಿಸಲು ಸಂಸ್ಥೆ ಒಂದು ಸಮಿತಿ ರಚಿಸಿ ಆ ಹೊಣೆಯನ್ನು ಕ್ಲೆಗ್‌ಹಾರ್ನ್ ಅವರಿಗೂ ಅವರ ಜೊತೆಗಾರರಿಗೂ ವಹಿಸಿತು. ಭಾರತದ ನಾನಾ ಭಾಗಗಳ ಅಧಿಕಾರಿಗಳು, ವೈದ್ಯರು ಬರೆದಿದ್ದ ವರದಿಗಳನ್ನೆಲ್ಲ ಕಲೆಹಾಕಿ, ಹೋಲಿಸಿ ನೋಡಿ, 1851ರಲ್ಲಿ ಇಪ್ಸ್‌ವಿಚ್ ಸಮ್ಮೇಳನದ ಮುಂದೆ ಅವರು ವರದಿ ಇಟ್ಟರು. ಕಾಡು ಹೋದರೆ ಹೋಗುವುದು ಮರಮುಟ್ಟು ಮಾತ್ರವಲ್ಲ, ಬೆಟ್ಟದ ಒರತೆ, ಹಳ್ಳದ ನೀರು, ನೆಲದ ತೇವ ಎಲ್ಲಕ್ಕೂ ಅದು ಸಂಬಂಧಿಸಿದ್ದು ಎಂಬ ವಿಚಾರ ವಿಜ್ಞಾನಿಗಳ ದೊಡ್ಡ ಸಭೆಯೊಂದರಲ್ಲಿ ಹೀಗೆ ದಾಖಲೆಗಳ ಸಮೇತ ಚರ್ಚೆಗೆ ಬಂತು. ಇಂದು ನಾವು ಪರಿಸರ ದಿನಾಚರಣೆಯಲ್ಲಿ ಹೇಳುವ ಮಾತನ್ನು ಅವರು ನೂರ ಎಪ್ಪತ್ತು ವರ್ಷಗಳ ಹಿಂದೆಯೇ ದಾಖಲೆ ಜೋಡಿಸಿ ಹೇಳಿದ್ದರು.

1852ರಲ್ಲಿ ಅವರು ಭಾರತಕ್ಕೆ ಹಿಂತಿರುಗಿ ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಬೆಂಗಳೂರಿನ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಗುವಾಗ ಸಲಹೆ ಕೊಟ್ಟವರೂ ಅವರೇ. ಅದೇ ವರ್ಷ ಮದರಾಸು ಸರ್ಕಾರ ಅವರನ್ನು ತನ್ನ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಿಸಿತು. ಆಗ ಕೆನರಾ, ಅಂದರೆ ಇಂದಿನ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳು ಮದರಾಸು ಪ್ರಾಂತ್ಯಕ್ಕೇ ಸೇರಿದ್ದವು. ಹೀಗಾಗಿ ಘಟ್ಟದ ಕೆಳಗಿನ ಕಾಡುಗಳೆಲ್ಲ ಅವರ ಕೈಕೆಳಗೆ ಬಂದವು.

ಅದು ರೈಲು ಬರುತ್ತಿದ್ದ ಕಾಲ. ಹಳಿಯ ಕೆಳಗೆ ಗಜಕ್ಕೊಂದು ಮರದ ದಿಮ್ಮಿ ಇಟ್ಟರೂ ಒಂದು ಮೈಲಿಗೆ 1,760 ದಿಮ್ಮಿಗಳು ಬೇಕು. ಅವು ಕೆಲವೇ ವರ್ಷಗಳಲ್ಲಿ ಗೆದ್ದಲು ಹಿಡಿದು, ಮಳೆಗೆ ಕೊಳೆತು ಹೋದರೆ ಮತ್ತೆ ಹೊಸದು ಬೇಕು. ಎಂಜಿನ್ನಿಗೆ ಸೌದೆ ಬೇಕು, ಹಡಗಿಗೆ ತೇಗ ಬೇಕು, ಕಾಫಿ ತೋಟಕ್ಕೆ ಜಾಗ ಬೇಕು. ಈ ಎಲ್ಲ ಬೇಡಿಕೆಗಳ ನಡುವೆ ಕ್ಲೆಗ್‌ಹಾರ್ನ್ ಘಟ್ಟದ ಕಾಡುಗಳನ್ನು ಸುತ್ತಿದರು. 1858ರಲ್ಲಿ ಆನೆಮಲೆಯ ಎತ್ತರದ ಶ್ರೇಣಿಗಳನ್ನು ಹತ್ತಿದರು. ಎಲ್ಲಿ ಯಾವ ಮರವಿದೆ, ಎಷ್ಟು ಉಳಿದಿದೆ ಎಂದು ಬರೆದಿಟ್ಟರು. ಆ ವರದಿಗಳು 1861ರಲ್ಲಿ ದಕ್ಷಿಣ ಭಾರತದ ಕಾಡು ಮತ್ತು ತೋಟಗಳ ಕುರಿತ ಗ್ರಂಥವಾಗಿ ಲಂಡನ್ನಿನಲ್ಲಿ ಅಚ್ಚಾದವು.

ಅವರ ಜೀವನದ ಇನ್ನೊಂದು ಮುಖವನ್ನು ನಮ್ಮ ಊರಿನವರ ಮುಂದೆ ಬಚ್ಚಿಡುವುದು ಸರಿಯಲ್ಲ. ಅದು ಕುಮರಿಯ ವಿಚಾರ. ಬೇಸಿಗೆಯಲ್ಲಿ ಕಾಡಿನ ಒಂದು ತುಂಡನ್ನು ಕಡಿದು ಒಣಗಿಸಿ ಸುಟ್ಟು, ಮಳೆ ಬಿದ್ದ ಮೇಲೆ ಆ ಬೂದಿಯಲ್ಲಿ ರಾಗಿ ಬಿತ್ತುವ ಬೇಸಾಯವೇ ಕುಮರಿ. ಒಂದೆರಡು ಬೆಳೆ ತೆಗೆದು ಆ ಜಾಗವನ್ನು ವರ್ಷಗಟ್ಟಲೆ ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ಕುಣಬಿಗಳು, ಕುಡುಬಿಗಳು, ಕುಮ್ರಿ ಮರಾಠಿಗಳು ಮೊದಲಾದವರಿಗೆ ಅದೇ ಅನ್ನದ ದಾರಿ. ಕ್ಲೆಗ್‌ಹಾರ್ನ್ ಅವರ ಕಣ್ಣಿಗೆ ಅದು ಬೆಲೆಬಾಳುವ ಮರಗಳನ್ನು ಸುಡುವ ಅನಾಹುತವಾಗಿ ಕಂಡಿತು. ಅದನ್ನು ತಡೆಯಬೇಕೆಂದು ಅವರು ಬಲವಾಗಿ ವಾದಿಸಿದರು. 1860ರಲ್ಲಿ ಅಪ್ಪಣೆಯಿಲ್ಲದೆ ಸರ್ಕಾರಿ ಕಾಡಿನಲ್ಲಿ ಕುಮರಿ ಮಾಡಕೂಡದೆಂದು ಮದರಾಸು ಸರ್ಕಾರ ಆಜ್ಞೆ ಹೊರಡಿಸಿತು.

ಕಾಡಿಗೆ ಅದರಿಂದ ಅನುಕೂಲವಾಗಿರಬಹುದು. ಆದರೆ ಬಡವನ ಕತ್ತಿಗೆ ಬಿದ್ದ ಕಟ್ಟು ರೈಲಿನ ಹಸಿವಿಗೆ ಅಷ್ಟೇ ಬಿಗಿಯಾಗಿ ಬೀಳಲಿಲ್ಲ. ಉಳಿಸಿದ ಕಾಡಿನಿಂದಲೇ ಸರ್ಕಾರ ಮುಂದೆಯೂ ಮರ ತೆಗೆಯಿತು. ಒಂದೊಂದು ಗಿಡವನ್ನೂ ಅಷ್ಟು ತಾಳ್ಮೆಯಿಂದ ನೋಡಿದ ವಿದ್ವಾಂಸರು, ಅದೇ ಕಾಡಿನಲ್ಲಿ ತಲೆಮಾರುಗಳಿಂದ ಬದುಕಿದವರ ಲೆಕ್ಕಾಚಾರವನ್ನು ಅಷ್ಟೇ ತಾಳ್ಮೆಯಿಂದ ಕೇಳಿದ್ದರೆ ನಮ್ಮ ಅರಣ್ಯ ಕಾನೂನುಗಳ ಸ್ವರೂಪವೇ ಬೇರೆಯಾಗುತ್ತಿತ್ತೆಂದು ನನಗೆ ಅನಿಸುತ್ತದೆ. ಇಂದು ನಮ್ಮ ಶಾಲೆಗೆ ಬರುವ ಎಷ್ಟೋ ಮಕ್ಕಳ ಮನೆಗಳಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳಿವೆ. ಬುಡಕಟ್ಟಿಗೆ ಸೇರದ ಕುಟುಂಬಗಳು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿಯೇ ಬದುಕಿದ್ದಕ್ಕೆ ಸಾಕ್ಷ್ಯ ಒದಗಿಸಬೇಕು. ಮರಗಳ ದಾಖಲೆ ಸಿಗುತ್ತದೆ, ಮನುಷ್ಯರ ದಾಖಲೆ ಸಿಗುವುದಿಲ್ಲ ಎಂಬ ಸಂಕಟ ಇದು.

ಮುಂದಿನ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಕ್ಲೆಗ್‌ಹಾರ್ನ್ ಅವರನ್ನು ಉತ್ತರಕ್ಕೆ ಕರೆಸಿಕೊಂಡು ಪಂಜಾಬ್ ಮತ್ತು ಪಶ್ಚಿಮ ಹಿಮಾಲಯದ ದೇವದಾರು ಕಾಡುಗಳ ಸಮೀಕ್ಷೆಗೆ ಹಚ್ಚಿದರು. ಆ ವರದಿ 1864ರಲ್ಲಿ ಪ್ರಕಟವಾಯಿತು. ಅದೇ ವರ್ಷ ಇಡೀ ಭಾರತಕ್ಕೆ ಅರಣ್ಯ ಇಲಾಖೆ ಸ್ಥಾಪನೆಯಾಗಿ ಡೀಟ್ರಿಕ್ ಬ್ರಾಂಡಿಸ್ ಮುಖ್ಯಸ್ಥರಾದರು. ಸ್ಕಾಟ್ಲೆಂಡಿಗೆ ಮರಳಿದ ಮೇಲೂ ಕ್ಲೆಗ್‌ಹಾರ್ನ್ ಅರಣ್ಯಶಾಸ್ತ್ರದ ಶಿಕ್ಷಣಕ್ಕಾಗಿ ದುಡಿದು, 1895ರ ಮೇ 16ರಂದು ಸ್ಟ್ರಾವಿತಿಯಲ್ಲಿ ತೀರಿಕೊಂಡರು. ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ ಗಿಡಗಳ ಒಂದು ಕುಲಕ್ಕೆ ಕ್ಲೆಗ್‌ಹಾರ್ನಿಯಾ ಎಂದು ಅವರ ಹೆಸರನ್ನೇ ಇಟ್ಟಿದ್ದಾರೆ.

ಈ ಶಾಲೆಯ ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ. ಕಾಡು ಉಳಿಸಿ ಎಂದು ಫಲಕ ಹಿಡಿದು ಜಾಥಾ ಹೋಗುವುದು ಒಳ್ಳೆಯದೇ. ಅದರ ಜೊತೆಗೆ ಒಂದು ನೋಟ್‌ಬುಕ್ ಇಡಿ. ಬಲಗಡೆಯ ಪುಟದಲ್ಲಿ ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಕಂಡ ಒಂದು ಗಿಡದ ಹೆಸರು, ಅದು ಹೂ ಬಿಟ್ಟ ತಿಂಗಳು, ಅದಕ್ಕೆ ಬಂದ ಹಕ್ಕಿ ಬರೆಯಿರಿ. ಎಡಗಡೆಯ ಪುಟದಲ್ಲಿ ಅದೇ ಗಿಡದ ಬಗ್ಗೆ ನಿಮ್ಮ ಅಜ್ಜಿ, ಅಜ್ಜ, ಪಕ್ಕದ ಕೇರಿಯವರು ಏನು ಬಲ್ಲರು ಎಂದು ಕೇಳಿ ಬರೆಯಿರಿ. ಬಲಗಡೆಯ ಪುಟ ಬರೆಯುವುದನ್ನು ನಾವು ಕ್ಲೆಗ್‌ಹಾರ್ನ್ ಅವರಿಂದ ಕಲಿಯಬಹುದು. ಎಡಗಡೆಯ ಪುಟವನ್ನು ಅವರು ಖಾಲಿ ಬಿಟ್ಟು ಹೋಗಿದ್ದಾರೆ. ಅದನ್ನು ತುಂಬಬೇಕಾದವರು ನೀವು.